ನಾನೂರು ಕುದುರೆಗಳ ಒಕ್ಕಣೆ

ಕಾರುಗಳ ವಿಷಯದಲ್ಲಿ ನನ್ನಷ್ಟು ತಿಳಿದವರು ಕೊಳ್ಳೇಗಾಲದಿಂದ ಪಾಲಾರ್‌ವರೆಗೆ ಒಬ್ಬರೂ ಇಲ್ಲ ಎಂಬುದು ಹೋದ ಮಾಘ ಮಾಸದವರೆಗೂ ನನ್ನ ದೃಢವಾದ ನಂಬಿಕೆಯಾಗಿತ್ತು. ನನ್ನ ಬಳಿ ಕಾರು ಇಲ್ಲ ಎಂಬುದು ಬೇರೆ ಮಾತು. ಒಲೆ ಹಚ್ಚಲು ಬಾರದವರೂ ಸಾರಿಗೆ ಉಪ್ಪು ಕಡಿಮೆ ಎನ್ನುವುದಿಲ್ಲವೇ?

ನನ್ನದು ಕೊಳ್ಳೇಗಾಲದಲ್ಲಿ ಒಂದು ಪಾತ್ರೆ ಅಂಗಡಿ. ಮದುವೆ ಕಾಲ ಬಿಟ್ಟರೆ ಮಧ್ಯಾಹ್ನದ ಹೊತ್ತು ಅಲ್ಲಿ ಕುಕ್ಕರುಗಳು ಮತ್ತು ನಾನು ಮಾತ್ರ ಇರುತ್ತೇವೆ. ಆ ಏಕಾಂತದಲ್ಲಿ ನಾನು ಮೊಬೈಲಿನಲ್ಲಿ ಭಾರೀ ಹಾರ್ಸ್ ಪವರಿನ ವಿದೇಶಿ ಕಾರುಗಳ ವಿಡಿಯೋ ನೋಡಿ ನೋಡಿ ಒಬ್ಬ ಪಂಡಿತನಾಗಿ ರೂಪುಗೊಂಡೆ. ಈ ಶಾಸ್ತ್ರದಲ್ಲಿ ಎರಡು ಮತಗಳಿವೆ. ಎಂಜಿನ್ನಿನ ಶಕ್ತಿ ನಾಲ್ಕೂ ಚಕ್ರಗಳಿಗೆ ಹೋಗಬೇಕು ಎನ್ನುವವರು ಆಲ್ ವೀಲ್ ಡ್ರೈವ್ ಮತದವರು. ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಹೋಗಬೇಕು ಎನ್ನುವವರು ರಿಯರ್ ವೀಲ್ ಡ್ರೈವ್ ಮತದವರು. ನಾನು ಎರಡನೆಯ ಮತಕ್ಕೆ ಸೇರಿದವನು. ಕುಕ್ಕರಿನ ಗ್ಯಾಸ್ಕೆಟ್ ಕೇಳಲು ಬಂದವರಿಗೂ ಈ ಮತವನ್ನು ಬೋಧಿಸಿಯೇ ಕಳಿಸುತ್ತಿದ್ದೆ. ಕೆಲವರು ಗ್ಯಾಸ್ಕೆಟ್ ಮರೆತು ಹೋದದ್ದೂ ಉಂಟು!

ಹೀಗಿರುವಾಗ ಹನೂರಿನಲ್ಲಿರುವ ನನ್ನ ತಂಗಿ ನಾಗಮ್ಮ ತನ್ನ ಮಗಳು ಸಿಂಧುವಿನ ಮದುವೆ ಗೊತ್ತುಮಾಡಿ ಫೋನ್ ಮಾಡಿದಳು.

"ಅಣ್ಣ, ನೀ ಏನೂ ತರಬ್ಯಾಡ. ಒತ್ತಿಗೆ ಸರ್ಯಾಗಿ ಬಂದ್ಬುಡು ಸಾಕು. ಇರೋನು ಒಬ್ನೇ ಸೋದರಮಾವ. ನೀ ಕೈ ಇಡ್ಕಂಡು ಕರ್ಕಬರ್ದೆ ನಾ ಅಸೆಮಣೆ ಮ್ಯಾಲ ಕೂರಕಿಲ್ಲ ಅಂತವಳ ನಿನ್ ಸೊಸೆ."

ನಮ್ಮಲ್ಲಿ ಹೆಣ್ಣನ್ನು ಹಸೆಮಣೆಗೆ ಕರೆತರುವುದು ಸೋದರಮಾವನ ಹಕ್ಕು. ಸಿಂಧು ನಾನು ಎತ್ತಿ ಆಡಿಸಿದ ಮಗು. "ತಂಗೀ, ಸಾಧಾರಣವಾಗಿ ಬರೋನಲ್ಲ ನಾನು. ನೋಡ್ತಿರು" ಎಂದೆ. ಸಾಧಾರಣವಾಗಿ ಬಾರಣ್ಣ ಎಂದು ಅವಳು ಹೇಳುವಷ್ಟರಲ್ಲಿ ಫೋನ್ ಇಟ್ಟಿದ್ದೆ.

ಯಳಂದೂರಿನಲ್ಲಿ ನನ್ನ ಬಾಲ್ಯದ ಗೆಳೆಯ ಮಾದೇಶನಿದ್ದಾನೆ. ಶಾಲೆಯಲ್ಲಿ ನನ್ನ ಲೆಕ್ಕ ನೋಡಿ ಬರೆದು ನನ್ನ ಜೊತೆಗೇ ಫೇಲಾದವನು. ಈಗ ಕರಿಕಲ್ಲಿನ ಕ್ವಾರಿ ಮಾಡಿ ದೊಡ್ಡ ಕುಳವಾಗಿದ್ದಾನೆ. ಅವನ ಶೆಡ್ಡಿನಲ್ಲಿ ಎರಡು ಕಾರುಗಳಿದ್ದವು. ಒಂದು ಬೂದು ಬಣ್ಣದ್ದು, ನಾಲ್ಕೂ ಚಕ್ರ ಎಳೆಯುವಂಥದ್ದು. ಇನ್ನೊಂದು ಕೆಂಪು, ಹಿಂದಿನ ಎರಡು ಚಕ್ರ ಮಾತ್ರ ತಳ್ಳುವಂಥದ್ದು, ನಾನೂರು ಹಾರ್ಸ್ ಪವರ್. ಮದುವೆಯ ಹಿಂದಿನ ದಿನ ಕಾರು ಕೇಳಲು ಅವನಲ್ಲಿಗೆ ಹೋದೆ. ಮದುವೆಗೆ ಅವನಿಗೂ ಕರೆ ಇತ್ತು. ಒಂದು ಕಾರು ನೀ ತಗೊಂಡು ಹೋಗು, ಇನ್ನೊಂದರಲ್ಲಿ ನಾ ಬರ್ತೀನಿ ಎಂದ.

"ಲೇ, ಈ ಬೂದಿ ಕಲರ್‌ದ ತಕಂಡೋಗ್ಲಾ. ನಾಕು ಚಕ್ರನೂ ಎಳೀತದ. ಎಲ್ ಬುಟ್ರೂ ಓಯ್ತದ" ಎಂದ.

ನಾನು ನಕ್ಕೆ. "ಮಾದೇಶ, ನಿನಗೆ ಕಾರು ಕೊಳ್ಳೋದು ಗೊತ್ತು. ಕಾರು ಗೊತ್ತಿಲ್ಲ. ಮುಂದಿನ ಚಕ್ರ ಇರೋದು ತಿರುಗೋಕೆ, ಹಿಂದಿನ ಚಕ್ರ ಇರೋದು ತಳ್ಳೋಕೆ. ಒಬ್ಬೊಬ್ಬರಿಗೆ ಒಂದೊಂದು ಕೆಲಸ. ನಾಲ್ಕೂ ಸೇರಿ ಎಳೆಯೋದು ಎಳೆಯೋಕೆ ಬಾರದವರಿಗೆ. ನಿಜವಾದ ಡ್ರೈವರು ಹಿಂಚಕ್ರದ ಗಾಡಿ ಬಿಟ್ಟು ಬೇರೆ ಮುಟ್ಟೋನಲ್ಲ."

"ನೀ ಏನ್ ಓಡಿಸಿದ್ದೀಯಲಾ?"

"ನಮ್ಮ ಭಾವನ ಮಾರುತಿ ವ್ಯಾನು" ಎಂದು ಗಂಭೀರವಾಗಿ ಹೇಳಿ ಕೆಂಪು ಕಾರಿನ ಕೀ ತೆಗೆದುಕೊಂಡೆ.

ಯಳಂದೂರಿನಿಂದ ಹೊರಟ ನಾನು ಕುಂತೂರಿನ ಹತ್ತಿರ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡೆ. ಅದಕ್ಕೆ ಎರಡು ಟ್ರೈಲರು. ಅದರ ಮುಂದೆ ಇನ್ನೊಂದು ಟ್ರ್ಯಾಕ್ಟರು, ಅದಕ್ಕೂ ಎರಡು ಟ್ರೈಲರು. ನಾನೂರು ಕುದುರೆಗಳು ತಲೆ ತಗ್ಗಿಸಿ ನಡೆದವು. ಒಬ್ಬರು ಸೈಕಲ್ಲಿನಲ್ಲಿ ನಮ್ಮನ್ನು ದಾಟಿ ಹೋಗಿ, ಹಿಂತಿರುಗಿ ನೋಡಿ, ಪಾಪ ಎನ್ನುವಂತೆ ಮುಖ ಮಾಡಿದರು. ಶಕ್ತಿ ಇದ್ದವನಿಗೇ ತಾಳ್ಮೆ ಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮನೆಯ ಮುಂದೆ ಕಾರು ನಿಲ್ಲಿಸಿದಾಗ ನನ್ನ ಹೆಂಡತಿ ಮಂಜುಳ ಬ್ಯಾಗು ಕಟ್ಟಿಕೊಂಡು ಸಂಜೆ ಬಸ್ಸಿಗೆ ತಯಾರಾಗಿ ನಿಂತಿದ್ದಳು. ಹತ್ತಿರದ ನೆಂಟರು ಹಿಂದಿನ ದಿನವೇ ಹೋಗುವುದು ವಾಡಿಕೆ.

"ಕಾರಲ್ಲಿ ಹೋಗೋರು ಹಿಂದಿನ ದಿನ ಯಾರಾದರೂ ಹೋಗ್ತಾರೇನೇ? ಬೆಳಿಗ್ಗೆ ಕಾಫಿ ಕುಡಿದು ಲೋಟ ಇಡೋದರೊಳಗೆ ಹನೂರು!" ಎಂದೆ. ಹಿಂಚಕ್ರ ಮುಂಚಕ್ರದ ಶಾಸ್ತ್ರವನ್ನೂ ವಿವರಿಸಿದೆ.

ಅವಳು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದಳು. "ಅಂದ್ರೆ ನಮ್ಮನೆ ತರಾನೇ ಅನ್ನಿ. ಹಿಂದೆ ನಿಂತು ತಳ್ಳೋದು ನಾನು. ಮುಂದೆ ನಿಂತು ಅತ್ತ ಇತ್ತ ತಿರುಗೋದು ನೀವು."

ನಾನು ಟವೆಲು ತಂದು ಕಾರಿನ ಕನ್ನಡಿ ಒರೆಸಿದೆ. ವಿದ್ವಾಂಸರು ಎಲ್ಲದಕ್ಕೂ ಉತ್ತರ ಹೇಳುವುದಿಲ್ಲ.

ಮರುದಿನ ಬೆಳಿಗ್ಗೆ ರೇಷ್ಮೆ ಪಂಚೆ ಉಟ್ಟು, ಪೇಟ ಸುತ್ತಿ, ಕಾರು ಹತ್ತಿದೆ. ಪೇಟ ಹತ್ತಲಿಲ್ಲ! ಛಾವಣಿ ಅಷ್ಟು ತಗ್ಗು. ಅದನ್ನು ಮಂಜುಳಳ ತೊಡೆಯ ಮೇಲಿಟ್ಟು ಹೊರಟೆ. ಊರು ದಾಟುವ ಮೊದಲೇ ಮೊದಲನೆಯ ಹಂಪು ಬಂತು. ಕಾರಿನ ಹೊಟ್ಟೆ ಹಂಪಿನ ಮೇಲೆ ಕರ್ರ್ ಎಂದು ಉಜ್ಜಿತು. ನನ್ನ ಬೆನ್ನೇ ಉಜ್ಜಿಹೋದಂತಾಯಿತು; ಕಾರು ಮಾದೇಶನದು.

"ಮಂಜು, ಹಂಪು ಬಂದಾಗ ಸ್ವಲ್ಪ ಇಳೀತೀಯಾ? ಭಾರ ಕಡಿಮೆಯಾದರೆ ಕಾರು ಒಂಚೂರು ಎತ್ತರ ಆಗುತ್ತೆ."

ಕೊಳ್ಳೇಗಾಲ ಹನೂರಿನ ನಡುವೆ ಊರಿದ್ದಲ್ಲಿ ಹಂಪಿದೆ, ಶಾಲೆಯಿದ್ದಲ್ಲಿ ಹಂಪಿದೆ, ಏನೂ ಇಲ್ಲದಲ್ಲಿಯೂ ಹಂಪಿದೆ. ಪ್ರತಿಯೊಂದರಲ್ಲೂ ರೇಷ್ಮೆ ಸೀರೆಯ ಹೆಂಗಸೊಬ್ಬಳು ಕೈಯಲ್ಲಿ ಪೇಟ ಹಿಡಿದು ಕೆಂಪು ಕಾರಿನಿಂದ ಇಳಿದು, ಹಂಪು ದಾಟಿ, ಮತ್ತೆ ಹತ್ತುವುದನ್ನು ದಾರಿಯ ಜನ ಕಣ್ತುಂಬ ನೋಡಿದರು. ಕಾಮಗೆರೆಯಲ್ಲಿ ಟೀ ಕುಡಿಯುತ್ತಿದ್ದವರೊಬ್ಬರು, "ಜಗಳಾ ಆಡಕಂಡವರೇನೋ ಕಣ್ಲಾ" ಎಂದರು.

"ನಾನು ನಡ್ಕೊಂಡು ಬಂದಿದ್ರೂ ಈ ಹೊತ್ತಿಗೆ ಇಲ್ಲಿರ್ತಿದ್ದೆ" ಎಂದಳು ಮಂಜುಳ. ಲೆಕ್ಕ ಹಾಕಿ ನೋಡಿದರೆ ಅವಳು ಸುಮಾರು ದೂರ ನಡೆದೇ ಬಂದಿದ್ದಳು.

ಕಾಮಗೆರೆ ಕಳೆದ ಮೇಲೆ ನೇರವಾದ, ಖಾಲಿ ರಸ್ತೆ ಸಿಕ್ಕಿತು. ನನ್ನ ಮಾನ ಉಳಿಸಿಕೊಳ್ಳಲು ದೇವರೇ ಹಾಸಿದ ರಸ್ತೆ! ಸ್ಟೀರಿಂಗಿನ ಪಕ್ಕದಲ್ಲಿ, ಜಾರುತ್ತಿರುವ ಕಾರಿನ ಚಿತ್ರವಿದ್ದ ಒಂದು ಗುಂಡಿಯಿತ್ತು. ಚಕ್ರ ಜಾರದಂತೆ ಕಾರೇ ತನ್ನನ್ನು ತಾನು ತಡೆದುಕೊಳ್ಳುವ ವ್ಯವಸ್ಥೆ ಅದು. ನಿಜವಾದ ಡ್ರೈವರುಗಳು ಮೊದಲು ಅದನ್ನು ಆಫ್ ಮಾಡುತ್ತಾರೆ ಎಂದು ವಿಡಿಯೋದಲ್ಲಿ ಹೇಳಿದ್ದರು. ಆಫ್ ಮಾಡಿದೆ. ಕಾಲು ಒತ್ತಿದೆ. ನಾನೂರು ಕುದುರೆಗಳೂ ಒಟ್ಟಿಗೇ ಎದ್ದವು.

"ರೀ, ಮುಂದೆ ಹುರುಳಿ!" ಎಂದು ಮಂಜುಳ ಕಿರುಚಿದಳು.

ಸಂಕ್ರಾಂತಿ ಕಳೆದರೆ ಹನೂರು ಸೀಮೆಯ ರಸ್ತೆಗಳೆಲ್ಲ ಕಣಗಳೇ. ಕಿತ್ತ ಹುರುಳಿ ಗಿಡಗಳನ್ನು ಡಾಂಬರಿನ ಮೇಲೆ ಹಾಸಿಬಿಡುತ್ತಾರೆ. ಬಸ್ಸು ಲಾರಿಗಳು ಮೇಲೆ ಓಡಾಡಿ ಒಕ್ಕಣೆ ಮಾಡಿಕೊಡುತ್ತವೆ. ಇದು ನನಗೆ ಹುಟ್ಟಿದಾಗಿನಿಂದ ಗೊತ್ತು. ನನಗೆ ಗೊತ್ತಿದ್ದದ್ದು ಕಾರಿಗೆ ಗೊತ್ತಿರಲಿಲ್ಲ.

ಗಾಬರಿಯಲ್ಲಿ ಬ್ರೇಕು ಒತ್ತಿದೆನೋ, ಆಕ್ಸಿಲರೇಟರು ಒತ್ತಿದೆನೋ, ಎರಡನ್ನೂ ಒತ್ತಿದೆನೋ ಬೆಟ್ಟದ ದೇವರು ಮಾದಪ್ಪನಿಗೇ ಗೊತ್ತು. ಕಾರಿನ ಹಿಂಭಾಗ ಮುಂಭಾಗವನ್ನು ಹಿಂದೆ ಹಾಕಿತು. ಹನೂರು ಕಂಡಿತು, ಹೊಲ ಕಂಡಿತು, ಕೊಳ್ಳೇಗಾಲ ಕಂಡಿತು, ಮತ್ತೆ ಹನೂರು ಕಂಡಿತು. ಕೊನೆಗೆ ನಮ್ಮ ಕಾರು ಹುರುಳಿ ಹಾಸಿನ ನಟ್ಟನಡುವೆ, ಬಂದ ದಾರಿಗೆ ಮುಖ ಮಾಡಿ ನಿಂತಿತು. ಯಾರಿಗೂ ಏನೂ ಆಗಿರಲಿಲ್ಲ. ಮಂಜುಳ ಕಣ್ಣು ಬಿಟ್ಟು, "ಬಂತಾ ಹನೂರು?" ಎಂದಳು.

ತಿರುಗಿಸಿ ಹೊರಡೋಣವೆಂದು ಕಾಲು ಒತ್ತಿದೆ. ಹಿಂದಿನ ಚಕ್ರಗಳು ಗರಗರ ತಿರುಗಿದವು. ಕಾರು ಅಲ್ಲಾಡಲಿಲ್ಲ. ಇನ್ನೂ ಒತ್ತಿದೆ. ಹುರುಳಿ ಸೊಪ್ಪು ಗಾಳಿಗೆ ಹಾರಿ, ಕಾಯಿ ಸಿಡಿದು, ಕಾಳು ಪಟಪಟ ಉದುರಿತು. ಆಗ ಹೊಂಗೆ ಮರದ ಕೆಳಗಿನಿಂದ ಹೊಲದೊಡತಿ ಕೆಂಪಮ್ಮ ಎದ್ದು ಬಂದರು. ಬೈಯುತ್ತಾರೆಂದು ಕೈ ಮುಗಿಯಲು ಹೋದೆ. ಅವರು ಚಕ್ರದ ಕೆಳಗೆ ಕೈಯಾಡಿಸಿ, ಬೊಗಸೆ ತುಂಬ ಕಾಳು ಎತ್ತಿ ನೋಡಿ, ಮುಖ ಅರಳಿಸಿದರು.

"ಅವ್ವಾ! ಲಾರಿ ನಾಕು ಕಿತ ಓದ್ರೂ ಹಿಂಗ್ ಉದ್ರಕಿಲ್ಲ. ನಿಲ್ಲಿಸ್ಬ್ಯಾಡಿ ಸಾ, ಇನ್ನೊಸಿ ತಿರುಗ್ಸಿ!"

"ಅಮ್ಮಾ, ಕಾರು ಸಿಕ್ಕಾಕ್ಕೊಂಡಿದೆ. ಮದುವೆಗೆ ಹೋಗಬೇಕು. ಒಸಿ ತಳ್ಳಿಸಿ."

"ತಳ್ಳಿಸ್ತೀನಿ ಸಾ. ಈ ವರೆ ಒಂದು ಆಗೋಗ್ಲಿ" ಎಂದವರೇ ಇನ್ನೊಂದು ಹೊರೆ ಹುರುಳಿಯನ್ನು ತಂದು ಚಕ್ರದ ಕೆಳಗೇ ತುರುಕಿದರು. ಹೊರಬರಲು ನಾನು ಎಷ್ಟು ಒತ್ತಿದರೆ ಅಷ್ಟು ಒಕ್ಕಣೆ. ಎಷ್ಟು ಒಕ್ಕಣೆಯೋ ಅಷ್ಟು ಹೊಸ ಹೊರೆ! ಅಷ್ಟರಲ್ಲಿ ಬಿಸಿ ಸೈಲೆನ್ಸರಿಗೆ ಬಳ್ಳಿ ತಾಗಿ ಹುರಿದ ಹುರುಳಿಯ ಘಮ ಎದ್ದಿತು. ಬೆಂಕಿ ಹತ್ತೀತೆಂದು ಎಂಜಿನ್ ಆರಿಸಿ, ಪಂಚೆ ಎತ್ತಿಕಟ್ಟಿ ಕಾರಿನ ಕೆಳಗೆ ಬಗ್ಗಿ ಬಳ್ಳಿ ಕೀಳತೊಡಗಿದೆ.

ಆಗ ಕೊಳ್ಳೇಗಾಲದ ಕಡೆಯಿಂದ ಮಾದೇಶನ ಬೂದು ಕಾರು ಬಂತು. ಮರೆಮಾಚುವುದೇಕೆ, ಹುರುಳಿ ಹಾಸಿನ ಮೇಲೆ ಅದು ಒಂದಿಷ್ಟೂ ಓಲಾಡದೆ ಬಂದದ್ದನ್ನು ಕಂಡು ನನ್ನ ಮತ ಅಲ್ಲೇ ಅರ್ಧ ಸತ್ತಿತು. ಆದರೆ ಮಾದೇಶ ನಮ್ಮನ್ನು ಕಂಡು ಹಾಸು ದಪ್ಪವಾಗಿದ್ದಲ್ಲಿಯೇ ನಿಲ್ಲಿಸಿಬಿಟ್ಟ. "ನೋಡ್ದಾ? ನಾಕು ಚಕ್ರ ಎಳೆದ್ರ ಹಿಂಗ್ ಕಣ್ಲಾ!" ಎಂದು ಮೀಸೆ ತಿರುವಿ, ಹಗ್ಗ ಕಟ್ಟಿ ನನ್ನನ್ನು ಎಳೆಯಲು ಕಾಲು ಒತ್ತಿದ. ನಾಲ್ಕೂ ಚಕ್ರ ತಿರುಗಿದವು. ನಾಲ್ಕಕ್ಕೂ ಹುರುಳಿ ಬಳ್ಳಿ ಸುತ್ತಿಕೊಂಡಿತು. ನನ್ನದರಲ್ಲಿ ಎರಡಕ್ಕೇ ಸುತ್ತಿತ್ತು!

ಕೆಂಪಮ್ಮ ಹೊಲದತ್ತ ಕೂಗಿದರು: "ಇನ್ನೊಂದು ಬಂದದ, ಎಲ್ಲಾ ವರೇನೂ ತಕಬನ್ರೋ!"

ಅದೇ ಹೊತ್ತಿಗೆ ನಾಗಮ್ಮನ ಫೋನು.

"ಅಣ್ಣಾ, ಎಲ್ಲಿದ್ದೀಯೆ? ಅಯ್ನೋರು ಹೆಣ್ಣ ಕರೀತಾವ್ರ!"

"ಬಂದೆ ಕಣಮ್ಮ, ಛತ್ರದ ಬಾಗಿಲಲ್ಲೇ" ಎಂದೆ. ಮಂಜುಳ ಫೋನು ಕಿತ್ತುಕೊಂಡು, "ನಾಗೂ, ನಿಮ್ಮಣ್ಣ ಹುರುಳಿ ಒಕ್ತಾವ್ರೆ. ಇಂಗೇ ಬಸ್ಸಿಗೆ ಹಾಕ್ಕೊಂಡು ಬತ್ತೀನಿ, ಅಯ್ನೋರ ಒಸಿ ನಿಲ್ಲಿಸ್ಕೋ" ಎಂದಳು. ಆ ಕಡೆ ತಂಗಿ ಅತ್ತದ್ದು ನನಗೂ ಕೇಳಿಸಿತು. ಅಲ್ಲಿಯವರೆಗೆ ಕಾರಿನ ಚಿಂತೆಯಲ್ಲಿದ್ದ ನನಗೆ ಆಮೇಲೆ ಕಾರು ನೆನಪಾಗಲಿಲ್ಲ. ಇರುವ ಒಬ್ಬನೇ ಅಣ್ಣ, ಕೇಳಿದ್ದು ಒಂದೇ ಮಾತು, ಅದನ್ನೂ ನಡೆಸಿಕೊಡಲಾರದೆ ರಸ್ತೆಯಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದೇನಲ್ಲ ಎಂದು ಸಂಕಟವಾಯಿತು.

ಬಸ್ಸು ಬಂತು. ಹುರುಳಿಯ ಮೇಲೆ ಏನೂ ಆಗದವರ ಹಾಗೆ ನಿಧಾನವಾಗಿ ಬಂತು. ಮಂಜುಳ ನಡುರಸ್ತೆಯಲ್ಲಿ ನಿಂತು ಕೈ ಅಡ್ಡ ಹಾಕಿ ನಿಲ್ಲಿಸಿದಳು. ಮಾದೇಶನೂ ಹತ್ತಿದ. "ಓಗಿ ಸಾ, ನಿಮ್ ಗಾಡಿ ನಾ ಕಾಯ್ತೀನಿ" ಎಂದರು ಕೆಂಪಮ್ಮ. ಸೀಟಿನಲ್ಲಿ ಕೂತ ಮೇಲೆ ಅಭ್ಯಾಸಬಲದಿಂದ, "ನೋಡು ಮಂಜು, ಈ ಬಸ್ಸೂ ಹಿಂಚಕ್ರದ್ದೇ..." ಎಂದು ಆರಂಭಿಸಿದೆ. ಅವಳು ತೊಡೆಯ ಮೇಲಿದ್ದ ಪೇಟವನ್ನು ಎತ್ತಿ ನನ್ನ ಕಣ್ಣು ಮುಚ್ಚುವವರೆಗೆ ತಲೆಗೆ ಒತ್ತಿದಳು.

ಛತ್ರದಲ್ಲಿ ಸಿಂಧು ಹಸೆಗೆ ಹೋಗದೆ ಕೋಣೆಯ ಬಾಗಿಲು ಹಿಡಿದು ನಿಂತಿದ್ದಳು. ಗಂಡಿನ ಕಡೆಯವರು ಮುಹೂರ್ತ ಮೀರುತ್ತದೆಂದು ಗುಜುಗುಜು ಎನ್ನುತ್ತಿದ್ದರು. ಗಂಡಿನ ದೊಡ್ಡಪ್ಪ, "ಯಾರಾದ್ರೂ ಕರ್ಕಂಡು ಬನ್ನಿ" ಎಂದಿದ್ದಕ್ಕೆ ಮದುಮಗಳು, "ಯಾರಾದ್ರೂ ಆಗಕಿಲ್ಲ, ನಮ್ಮಾವನೇ ಬರ್ಬೇಕು" ಎಂದಳಂತೆ. ಅದನ್ನು ಕೇಳಿ ನನ್ನ ಕಣ್ಣು ತುಂಬಿತು. ಓಡಿಹೋಗಿ ಅವಳ ಕೈ ಹಿಡಿದು ಹಸೆಮಣೆಗೆ ಕರೆತಂದೆ.

ಹುರುಳಿ ಒಕ್ಕಿದವರಿಗೆ ಸುಂಕು ಗೊತ್ತು. ಕಣ್ಣಿಗೆ ಕಾಣದ ಧೂಳು, ಮೈಗೆ ತಾಗಿದರೆ ಸ್ನಾನವಾಗುವವರೆಗೆ ನವೆ. ಅದು ನನ್ನ ಕೈಯಿಂದ ಸಿಂಧುವಿನ ಕೈಗೆ ಹೋಯಿತು. ಧಾರೆಯ ಹೊತ್ತಿಗೆ ಸಿಂಧುವಿನ ಕೈಯಿಂದ ಗಂಡಿನ ಕೈಗೆ ಹೋಯಿತು. ನನ್ನ ಪೇಟ ಸರಿಮಾಡಿದ ಅಯ್ನೋರಿಗೂ ಹೋಯಿತು. ಮಂತ್ರದ ನಡುವೆ ಅವರು ಬೆನ್ನು ಕೆರೆದುಕೊಳ್ಳಲು ಜಾಗ ಹುಡುಕುತ್ತಿದ್ದರು. ತಾಳಿ ಕಟ್ಟುವಾಗ ಮದುಮಗನ ಕೈ ಒದ್ದಾಡಿದ್ದು ಕಂಡು, "ಪಾಪ, ನಾಚಿಕೆ ಸ್ವಭಾವ" ಎಂದು ಹೆಂಗಸರು ಮೆಚ್ಚಿಕೊಂಡರು! ಅಂತೂ ಗಂಟು ಬಿತ್ತು. ನಾಗಮ್ಮ ಬಂದು ಬೈಯುತ್ತಾಳೆಂದು ಬೆನ್ನು ಕೊಟ್ಟು ನಿಂತೆ. ಅವಳು ಪೇಟದ ಕೆಳಗೆ ಇಣುಕಿದ ನನ್ನ ಕೂದಲಿನಿಂದ ಹುರುಳಿ ಕಾಯಿಯೊಂದನ್ನು ಬಿಡಿಸಿ ತೆಗೆದು, "ಬಂದ್ಯಲ್ಲ, ಬುಡು" ಎಂದಳು. ಬೈದಿದ್ದರೆ ಹಗುರವಾಗುತ್ತಿತ್ತು.

ಸಂಜೆ ನಾನೂ ಮಾದೇಶನೂ ಕಾರುಗಳಿಗಾಗಿ ಹಿಂತಿರುಗಿದೆವು. ಕೆಂಪಮ್ಮ ಕುಡುಗೋಲಿನಿಂದ ಬಳ್ಳಿಯೆಲ್ಲ ಕೊಯ್ದು ಚಕ್ರ ಬಿಡಿಸಿಟ್ಟಿದ್ದರು. ಕಾಳು ತೂರಿ ರಾಶಿ ಮಾಡಿದ್ದರು. ಒಕ್ಕಿದವರನ್ನು ಬರಿಗೈಯಲ್ಲಿ ಕಳಿಸಬಾರದೆಂದು ಮೊರದಲ್ಲಿ ಕಾಳು ತಂದರು. ಮಾದೇಶನ ಚೀಲಕ್ಕೆ ಎರಡು ಮೊರ ಸುರಿದರು. ನನಗೆ ಒಂದೇ ಮೊರ.

"ಅಮ್ಮಾ, ಮೊದಲು ಬಂದೋನು ನಾನು. ಹೆಚ್ಚು ಹೊತ್ತು ಒಕ್ಕಿದೋನೂ ನಾನು" ಎಂದೆ.

"ಇರಬೈದು ಸಾ. ನಿಮ್ದು ದುಡ್ದದ್ದು ಎರಡೇ ಚಕ್ರ. ಮುಂದ್ಲವೆರಡು ಸುಮ್ನ ನಿಂತಿದ್ದೊ. ನಾನೇ ನೋಡ್ದೆ."

ಆಲ್ ವೀಲ್, ರಿಯರ್ ವೀಲ್ ವಾದಕ್ಕೆ ಇಷ್ಟು ಖಚಿತವಾದ ತೀರ್ಪು ನಾನು ಯಾವ ವಿಡಿಯೋದಲ್ಲೂ ಕೇಳಿರಲಿಲ್ಲ. ಮಾದೇಶ ಕೊಳ್ಳೇಗಾಲದವರೆಗೂ ನಕ್ಕ. ಕೆಂಪು ಕಾರನ್ನು ಅವತ್ತಿಗೆ ಕೆಂಪಮ್ಮನ ಕಾವಲಿಗೇ ಬಿಟ್ಟು ನಾನು ಅವನ ಪಕ್ಕದಲ್ಲಿ ಕೂತಿದ್ದೆ; ಅದರ ಕೀ ಅವನ ಜೇಬಿನಲ್ಲಿತ್ತು.

ಈಗ ನಾಗಮ್ಮ ತನ್ನ ಎರಡನೆಯ ಮಗಳ ಮದುವೆಯನ್ನೂ ಗೊತ್ತುಮಾಡಿದ್ದಾಳೆ. ಮೊನ್ನೆ ಫೋನ್ ಬಂತು. ನಾನೇ ಎತ್ತಿದೆ. "ಅಣ್ಣ, ಚೆನ್ನಾಗಿದ್ದೀಯಾ? ಅತ್ತಿಗೆಗೆ ಕೊಡು" ಎಂದಳು. ಮಂಜುಳ ಬಹಳ ಹೊತ್ತು ಹೂಂ ಹೂಂ ಎಂದು ಫೋನ್ ಇಟ್ಟಳು. ಮೂರು ದಿನ ಮೊದಲೇ, ಬಸ್ಸಿನಲ್ಲಿ, ಕಿಟಕಿ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ನನ್ನನ್ನು ಛತ್ರಕ್ಕೆ ಮುಟ್ಟಿಸುವುದು ಅವಳ ಜವಾಬ್ದಾರಿಯಂತೆ. ಹೆಣ್ಣನ್ನು ಕೈ ಹಿಡಿದು ಕರೆತರುವವನು ಸೋದರಮಾವ. ಸೋದರಮಾವನನ್ನೇ ಕೈ ಹಿಡಿದು ಕರೆತರಲು ಒಬ್ಬರನ್ನು ಗೊತ್ತುಮಾಡಿರುವ ಮನೆ ಈ ಸೀಮೆಯಲ್ಲಿ ನಮ್ಮದೊಂದೇ!