ತಾತನ ಬಾಲ

ಈ ಜೂನ್ ತಿಂಗಳ ಸ್ಪರ್ಧೆಯಲ್ಲಿ ತಾತನ ಬಾಲವನ್ನು ವೇದಿಕೆಯ ಮೇಲೆ ಹಾಡದಿದ್ದರೆ ನನ್ನ ಹೆಸರು ಒರಿನ್ ಟಿಬ್ಸ್ ಅಲ್ಲ ಎಂದು ನಾನು ತಿಂಡಿ ತಿನ್ನುತ್ತಾ ಘೋಷಿಸಿದೆ! ಹೆಂಡತಿ ಅಲ್ತಿಯಾ ನನ್ನ ತಟ್ಟೆಗೆ ಇನ್ನೊಂದು ಮೊಟ್ಟೆ ಹಾಕಿ, ಹೊಸ ಹೆಸರು ಈಗಲೇ ಯೋಚಿಸಿಟ್ಟುಕೋ ಎಂದಳು.

ಬಾಲ ಎಂದರೆ ಗಾಬರಿಯಾಗಬೇಡಿ. ನಾಲ್ಕು ದನಿಗಳ ನಮ್ಮ ಕ್ಷೌರದಂಗಡಿ ಹಾಡಿಗೆ ಕೊನೆಯಲ್ಲಿ ಅಂಟಿಸುವ ಒಂದೆರಡು ಸಾಲಿಗೆ ಹಾಗೆನ್ನುತ್ತಾರೆ. ಕೆಂಟಕಿಯ ಈ ಪಡೂಕಾ ಊರಿನಲ್ಲಿ, ನಾನೀಗ ಕತ್ತರಿ ಆಡಿಸುವ ಇದೇ ಅಂಗಡಿಯ ಇದೇ ಕನ್ನಡಿಯ ಮುಂದೆ, ನಮ್ಮ ಕ್ಲೀವನ್ ತಾತ ಸರದಿಗೆ ಕಾಯುತ್ತಿದ್ದ ಮೂವರು ಗಿರಾಕಿಗಳ ಜೊತೆ ಸೇರಿ ಕಿವಿಯಿಂದಲೇ ಹುಡುಕಿ ಕಟ್ಟಿದ ಬಾಲ ಅದು. ಮೂರನೆಯ ಪದದಲ್ಲಿ ತಾತ ಸ್ವರವನ್ನು ಮೆಲ್ಲಗೆ ಮೇಲಕ್ಕೆ ಜಾರಿಸುತ್ತಿದ್ದ. ಅದು ಸರಿಯಾದ ಜಾಗದಲ್ಲಿ ಕೂತರೆ ನಾಲ್ವರ ಮೇಲೆ ಯಾರೂ ಹಾಡದ ಐದನೆಯ ದನಿಯೊಂದು ಕೇಳಿಸುತ್ತಿತ್ತು. ಕನ್ನಡಿ ಗುಂಯ್ ಎನ್ನುತ್ತಿತ್ತು. ಆಮೇಲೆ ಈ ಹಾಡುಗಾರಿಕೆಯನ್ನು ಬಿಳಿಯರು ಮೆಚ್ಚಿದರು, ಪಟ್ಟೆ ಕೋಟು ಹೊಲಿಸಿದರು, ಸಂಘ ಕಟ್ಟಿದರು, ನಮ್ಮಂಥ ಕರಿಯರಿಗೆ ಪ್ರವೇಶವಿಲ್ಲ ಎಂದರು. ಹಾಗಂತ ತಾತ ಅವರು ಹಾಡುತ್ತಿದ್ದ ಊರ ಸಭಾಂಗಣದ ವೇದಿಕೆ ಹತ್ತಲೇ ಇಲ್ಲವೆಂದಲ್ಲ. ಕಾರ್ಯಕ್ರಮ ಮುಗಿದ ಮೇಲೆ ಪೊರಕೆ ಹಿಡಿದು ಹತ್ತುತ್ತಿದ್ದ.

ಈಗ ಕಾಲ ಬದಲಾಗಿದೆ. ಹೋದ ಚಳಿಗಾಲದಲ್ಲಿ ಊರ ಗಾಯಕ ಮಂಡಳಿಯ ನಿರ್ದೇಶಕ ಡ್ವೈಟ್ ಪೆಟಿಗ್ರೂ ಅಂಗಡಿಗೇ ಬಂದು, ನಮ್ಮ ಗಾಯನದ ಬೇರು ನಿಮ್ಮಲ್ಲಿದೆ, ದಯವಿಟ್ಟು ಮಂಡಳಿ ಸೇರಿ ಎಂದ. ನಾನು ಹಿಗ್ಗಿ ಹೀರೇಕಾಯಿಯಾದೆ! ಐವತ್ತು ಜನಕ್ಕೂ ಬಾಲವನ್ನು ಬಾಯಿಪಾಠ ಮಾಡಿಸಿದೆ. ಪೆಟಿಗ್ರೂ ಕಣ್ಣೊರೆಸಿಕೊಂಡ. ಮುಂದಿನ ವಾರ ಅದು ಅಚ್ಚಾಗಿ ಬಂತು. ಮೇಲೆ ದಪ್ಪಕ್ಷರದಲ್ಲಿ, 'ಸಂಯೋಜನೆ: ಡ್ವೈಟ್ ಪೆಟಿಗ್ರೂ'.

"ಬಾಲ ಕೊಟ್ಟು ಬಂದೆ. ಈಗ ಕುದುರೇನೂ ಅವರದೇ ಆಯ್ತು," ಎಂದಳು ಅಲ್ತಿಯಾ.

ಸಿಟ್ಟೇನೋ ಬಂತು. ಆದರೂ ನುಂಗಿಕೊಂಡೆ. ಕಾರಣ ಅಮ್ಮ. ತಾತನ ಒಬ್ಬಳೇ ಮಗಳು, ತೊಂಬತ್ತೊಂದು ವರ್ಷ. ತನ್ನಪ್ಪನ ಹಾಡನ್ನು ಅವನು ಗುಡಿಸುತ್ತಿದ್ದ ಅದೇ ವೇದಿಕೆಯಲ್ಲಿ ಮಗನ ಬಾಯಿಂದ ಕೇಳಬೇಕೆಂದು ನೇರಳೆ ಬಣ್ಣದ ಹೊಸ ಟೋಪಿ ತರಿಸಿಕೊಂಡಿದ್ದಳು.

ಸ್ಪರ್ಧೆಯಲ್ಲಿ ನಿಲ್ಲಬೇಕಾದರೆ ಪ್ರತಿಯೊಬ್ಬನೂ ತನ್ನ ಭಾಗವನ್ನು ಒಂಟಿಯಾಗಿ ಹಾಡಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಪೆಟಿಗ್ರೂಗೆ ಕಳಿಸಿ ಪಾಸಾಗಬೇಕು. ಇದೂ ಒಂದು ಪರೀಕ್ಷೆಯೇ! ದನಿ ಮೊಳಗಲೆಂದು ಬಚ್ಚಲುಮನೆ ಸೇರಿ ಚಿಲಕ ಹಾಕಿಕೊಂಡೆ. ಮೊದಲ ಸಲ ನಲ್ಲಿ ತೊಟ್ಟಿಕ್ಕಿ ತಾಳ ತಪ್ಪಿಸಿತು. ಎರಡನೆಯ ಸಲ ಅಲ್ತಿಯಾ ಮೀನು ಕರಿದ ಹೊಗೆಗೆ ಗೋಡೆಯ ಬೆಂಕಿ ಅಲಾರಾಂ ಕಿರುಚಿ ಮೇಲಿನ ದನಿ ಹಿಡಿಯಿತು. ಸತ್ಯ ಹೇಳಬೇಕೆಂದರೆ ಅದು ಶ್ರುತಿಯಲ್ಲಿಯೇ ಇತ್ತು. ಮೂರನೆಯ ಸಲ ಅಮ್ಮ ಬಾಗಿಲು ಬಡಿದು, ಇವನು ಒಳಗೆ ಕೂತು ಅಳುತ್ತಿದ್ದಾನಾ, ನಾನು ಇನ್ನೆಷ್ಟು ಹೊತ್ತು ತಡೆದುಕೊಳ್ಳಲಿ ಎಂದು ಕೇಳಿದಳು. ಆತುರಕ್ಕೆ ಚಿಲಕ ಮುರಿದು ಕೈಗೆ ಬಂತು. ಅಮ್ಮನನ್ನು ಪಕ್ಕದ ಮನೆಗೆ ಓಡಿಸಿದ್ದಾಯಿತು, ಬಾಗಿಲು ಒಡೆದು ನನ್ನನ್ನು ಹೊರಗೆಳೆದದ್ದಾಯಿತು. ಬಾಗಿಲಿಲ್ಲದ ಬಚ್ಚಲಿನಲ್ಲಿ ಒಂಬತ್ತನೆಯ ಸಲ ಹಾಡಿದ್ದು ಮಾತ್ರ ಅಪ್ಪಟ ಚಿನ್ನ.

ನಾಲ್ಕು ದಿನಕ್ಕೆ ಉತ್ತರ ಬಂತು. ನಪಾಸು! ಮೂರನೆಯ ಪದದಲ್ಲಿ ಸ್ವರ ಜಾರಿದೆ, ಅಚ್ಚಾದ ಪ್ರತಿಯಲ್ಲಿ ನೇರವಾಗಿದೆಯಂತೆ. ಫೋನ್ ಮಾಡಿ, ಸ್ವಾಮಿ, ಆ ಜಾರು ನನ್ನ ತಾತನದೇ ಎಂದೆ.

"ಇರಬಹುದು ಒರಿನ್," ಎಂದ ಪೆಟಿಗ್ರೂ, ಬಹಳ ಮೃದುವಾಗಿ. "ಆದ್ರೆ ತೀರ್ಪುಗಾರರಿಗೆ ಶುದ್ಧ ಶೈಲಿ ಬೇಕಲ್ವಾ? ಬೇಜಾರು ಮಾಡ್ಕೋಬೇಡಿ. ವೇದಿಕೆ ಮೇಲೆ ಒಂದು ಕ್ಷೌರದ ಕುರ್ಚಿ ಇಡ್ತೀವಿ. ನೀವು ಬಿಳಿ ಕೋಟು ಹಾಕ್ಕೊಂಡು ಪಕ್ಕದಲ್ಲಿ ನಿಂತ್ಕೊಳ್ಳಿ, ಸಾಕು. ಹಾಡೋದೇನೂ ಬೇಡ."

ಕುರ್ಚಿಯನ್ನೂ ನನ್ನ ಅಂಗಡಿಯಿಂದಲೇ ತರಬೇಕಂತೆ.

ಮಾನ ಮರ್ಯಾದೆ ಇದ್ದರೆ ಹೋಗಬೇಡ ಎಂದಳು ಅಲ್ತಿಯಾ. ಆದರೆ ಅಮ್ಮನ ಟೋಪಿಗೆ ಏನು ಹೇಳುವುದು? ಅಮ್ಮನಿಗೆ ವಿಷಯ ತಿಳಿಸುವ ಧೈರ್ಯವಾಗದೆ ಸ್ಪರ್ಧೆಗೆ ಹೋದೆ. ಐವತ್ತು ಜನ ಬಾಲ ಹಾಡಿದರು. ಮೂರನೆಯ ಪದ ಹಲಗೆಯಂತೆ ನೆಟ್ಟಗೆ ಸಾಗಿತು. ಐದನೆಯ ದನಿ ಬರಲಿಲ್ಲ. ಜಾರಿಸಬೇಕಾದ ಸ್ವರ ನನ್ನ ಗಂಟಲಿನಲ್ಲೇ ಇತ್ತು. ನಾನು ಕತ್ತರಿ ಹಿಡಿದು, ಖಾಲಿ ಕುರ್ಚಿಯ ಪಕ್ಕ ಹಲ್ಲುಕಿರಿದು ನಿಂತಿದ್ದೆ. ಎರಡನೆಯ ಬಹುಮಾನ ಬಂತು. ವೇದಿಕೆಯ ಅಲಂಕಾರ ಸೊಗಸಾಗಿತ್ತು ಎಂದು ತೀರ್ಪುಗಾರರು ವಿಶೇಷವಾಗಿ ಮೆಚ್ಚಿದರು. ಅಲಂಕಾರ ಎಂದರೆ ಕುರ್ಚಿ ಮತ್ತು ನಾನು.

ಕಾರಿನಲ್ಲಿ ಅಮ್ಮ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಹೇಗಿತ್ತಮ್ಮಾ ಎಂದು ಕೇಳುವ ತಪ್ಪನ್ನು ನಾನೇ ಮಾಡಿದೆ.

"ಅವ್ರು ಏನೋ ಒಂದು ಹಾಡಿದ್ರು. ನೀನ್ಯಾಕೋ ಬಾಯಿ ಬಿಡ್ಲಿಲ್ಲ?"

ಹಾಡಬೇಡ ಅಂದಿದ್ದರು ಎಂದೆ.

"ನಮ್ಮಪ್ಪನಿಗೂ ಅಂದಿದ್ರು," ಎಂದಳು ಅಮ್ಮ. "ಅವನು ಗುಡಿಸ್ತಾ ಗುಡಿಸ್ತಾನೇ ಹಾಡ್ತಿದ್ದ."