ಮೇಲೂ ಕೆಳಗೂ ಸರಿಯುವ ಹಲಗೆ

ಊಟದ ಡಬ್ಬಿಯ ಮುಚ್ಚಳ ಸಡಿಲವಾಗಿತ್ತು, ಅಷ್ಟೇ. ಪಲ್ಯದ ಎಣ್ಣೆ ಡಬ್ಬಿಯಿಂದ ಬಿಳಿ ಅಂಗಿಗೆ ಇಳಿಯಿತು, ಅಂಗಿಯಿಂದ ಬೂಟಿಗೆ ಇಳಿಯಿತು. ಚಹಾದ ಹೊತ್ತಿಗೆ ಲಾಕರ್ ತೆಗೆದ ಇಸ್ತ್ರಿಯಣ್ಣನ ಪಿತ್ತ ಮಾತ್ರ ನೆತ್ತಿಗೇರಿತು.

ಹೋಟೆಲು, ಆಸ್ಪತ್ರೆಗಳ ಬಟ್ಟೆಯೆಲ್ಲ ಬಂದು ಬೀಳುವ ಆ ಲಾಂಡ್ರಿಯಲ್ಲಿ ಅವನು ಕಂಡವರ ಸುಕ್ಕನ್ನೆಲ್ಲ ನೆಟ್ಟಗೆ ಮಾಡುವವನು. ಅವನ ಲಾಕರೋ, ಆಳೆತ್ತರದ ತಗಡಿನ ಪೆಟ್ಟಿಗೆ. ಒಳಗಿದ್ದ ಒಂದೇ ಕೊಕ್ಕೆ ಯಾವತ್ತೋ ಮುರಿದಿತ್ತು. ಕೆಳಗೆ ಬೂಟು, ಬೂಟಿನ ಮೇಲೆ ಅಂಗಿ, ಅಂಗಿಯ ಮೇಲೆ ಡಬ್ಬಿ. ಇಷ್ಟು ವರ್ಷ ದುಡಿದವನಿಗೆ ಡಬ್ಬಿ ಇಡಲು ಸ್ವಂತದ್ದೊಂದು ಗೇಣು ಜಾಗವಿಲ್ಲವಲ್ಲ ಎಂದು ಅವನಿಗೆ ನಿಜಕ್ಕೂ ನೋವಾಯಿತು. ನೇರ ಮೇಲ್ವಿಚಾರಕರ ಮುಂದೆ ಹೋಗಿ ನಿಂತು, ಲಾಕರಿಗೊಂದು ಹಲಗೆ ಬೇಕೆಂದ.

“ಲಾಕರಿಗೆ ಹಲಗೆ ಯಾಕ್ರೀ? ಬೇಕಾದ್ರೆ ಮನೇಲಿ ಹಾಕಿಸ್ಕೊಳ್ಳಿ,” ಎಂದರು ಅವರು, ತಲೆ ಎತ್ತದೆ.

ತಲೆ ಎತ್ತಿ ಹೇಳಿದ್ದರೆ ಅವನು ಸುಮ್ಮನಿರುತ್ತಿದ್ದನೋ ಏನೋ. ಅಂದು ಅರ್ಧ ದಿನದ ಕೆಲಸ. ಮಧ್ಯಾಹ್ನ ಎಲ್ಲರೂ ಮನೆಯ ದಾರಿ ಹಿಡಿದರೆ ಇವನು ಹಿತ್ತಲಿಗೆ ಹೋಗಿ, ಬಿಸಾಡಿದ್ದ ಸೋಪಿನ ಪೆಟ್ಟಿಗೆಗಳನ್ನು ಒಡೆದು ಹಲಗೆ ಕೀಳತೊಡಗಿದ. ಹಾಕುವುದಾದರೆ ಸಾಮಾನ್ಯ ಹಲಗೆಯಲ್ಲ, ಮೇಲೂ ಕೆಳಗೂ ಸರಿಯುವ ಹಲಗೆಗಳನ್ನೇ ಹಾಕಬೇಕೆಂದು ಹಟ. ಎರಡು ಪಕ್ಕದ ಹಲಗೆಗಳಿಗೆ ಎದುರುಬದುರು ಸಾಲಾಗಿ ತೂತು, ತೂತಿಗೆ ಮರದ ಗೂಟ, ಗೂಟದ ಮೇಲೆ ಅಡ್ಡ ಹಲಗೆ. ಗೂಟ ಬದಲಿಸಿದರೆ ಹಲಗೆಯ ಎತ್ತರವೂ ಬದಲಾಗಬೇಕು.

ಗರಗಸ ಕೊಟ್ಟವನು ಲಾಂಡ್ರಿಯ ಬಾಯ್ಲರ್ ನೋಡಿಕೊಳ್ಳುವ ಬಾಯ್ಲರಣ್ಣ. ಗರಗಸ ಕೊಟ್ಟ ಮೇಲೆ ಸಲಹೆ ಕೊಡುವ ಹಕ್ಕೂ ತನ್ನದೇ ಎಂದು ಅವನು ಪಕ್ಕದಲ್ಲೇ ಕೂತ. ಬಟ್ಟೆ ಮಡಿಸುವ ಅಕ್ಕನೂ ಮನೆಗೆ ಹೋಗುವುದನ್ನು ಮರೆತು ಬಂದಳು. ಹಲಗೆ ಮೊಣಕೈ ಎತ್ತರಕ್ಕಿರಬೇಕು ಎಂದಳು. ಯಾರ ಮೊಣಕೈ ಎಂದು ಕೇಳಿದರೆ ತನ್ನದನ್ನೇ ಚಾಚಿದಳು. ಹತ್ತು ಜನ ಸೇರಿದರೆ ಹಾವು ಸಾಯುವುದಿಲ್ಲವಂತೆ. ಇಲ್ಲಿ ಮೂರೇ ಜನ ಸಾಕಾಯಿತು.

ಚೌಕಟ್ಟು ಸಿದ್ಧವಾಯಿತು. ಮೂವರೂ ಹೊತ್ತು ತಂದು ಲಾಕರಿಗೆ ತುರುಕಿದರೆ ಅದು ಒಳಗೇ ಹೋಗಲೊಲ್ಲದು. ಅಳತೆಯೇನೂ ತಪ್ಪಿರಲಿಲ್ಲ, ಮೂವರೂ ಅಳೆದಿದ್ದರು. ಆದರೆ ಅಳೆದದ್ದು ಲಾಕರಿನ ಹೊಟ್ಟೆಯನ್ನು. ಬಾಯಿ ಅದಕ್ಕಿಂತ ಎರಡು ಬೆರಳು ಕಿರಿದೆಂದು ಒಬ್ಬರಿಗೂ ಹೊಳೆದಿರಲಿಲ್ಲ.

ಲಾಂಡ್ರಿಯವರಿಗೆ ಎಲ್ಲ ರೋಗಕ್ಕೂ ಒಂದೇ ಮದ್ದು. ಸೋಪು ಹಚ್ಚಿ ನೋಡೋಣ ಎಂದಳು ಅಕ್ಕ. ಚೌಕಟ್ಟಿಗೆ, ಬಾಗಿಲಿಗೆ, ಕೊನೆಗೆ ಮೂವರ ಕೈಗೂ ಸೋಪಾಯಿತು. ಒಂದು, ಎರಡು, ಮೂರು ಎಂದು ನೂಕಿದ್ದೇ ತಡ, ಚೌಕಟ್ಟು ಲಾಕರಿನೊಳಗೆ ಹೋಗುವ ಬದಲು ಬಾಯ್ಲರಣ್ಣನ ಕಾಲ ಮೇಲೆ ಹೋಗಿ ಕೂತಿತು. ಅವನು ಒಂಟಿಕಾಲಲ್ಲಿ ಕುಣಿಯುತ್ತ, ಗರಗಸ ವಾಪಸ್ ಕೊಡು ಎಂದು ಕೇಳಿದ.

ಇಸ್ತ್ರಿಯಣ್ಣ ಮಾತ್ರ ಬಗ್ಗಲಿಲ್ಲ. ಚೌಕಟ್ಟನ್ನು ಬಿಚ್ಚಿ, ಸೋಪು ಒರೆಸಿ, ಒಂದೊಂದೇ ಹಲಗೆ ಒಳಗಿಟ್ಟು ಲಾಕರಿನ ಹೊಟ್ಟೆಯಲ್ಲೇ ಜೋಡಿಸತೊಡಗಿದ. ಅರ್ಧ ಮೈ ಒಳಗೆ, ಅರ್ಧ ಹೊರಗೆ. ಅಂಟು ಹಾಕಿದ, ಅದರ ಮೇಲೆ ಮೊಳೆಯನ್ನೂ ಬಡಿದ. ಒಂದು ಏಟು ಮೊಳೆಗಾದರೆ ಒಂದು ಹೆಬ್ಬೆರಳಿಗೆ.

“ಹಿಂಗೆ ಬಡಿದ್ರೆ ಮತ್ತೆ ತೆಗೆಯೋಕಾಗಲ್ಲ ಕಣೋ,” ಎಂದಳು ಅಕ್ಕ.

“ತೆಗೆಯೋದು ಯಾರಿಗೆ ಬೇಕಕ್ಕಾ?” ಎಂಬ ದನಿ ತಗಡಿನೊಳಗಿಂದ ಬಂತು.

ಕೊನೆಗೂ ಮುಗಿಯಿತು. ಮೇಲಿನ ಹಲಗೆಯಲ್ಲಿ ಡಬ್ಬಿ, ನಡುವೆ ಅಂಗಿ, ತಳದಲ್ಲಿ ಬೂಟು. ಇಸ್ತ್ರಿಯಣ್ಣ ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಸ್ವಂತ ಮನೆ ಕಟ್ಟಿದಷ್ಟೇ ಸಂತೋಷವಾಯಿತು ಅವನಿಗೆ. ಬಾಯ್ಲರಣ್ಣ ಕೂಡ ಕಾಲುನೋವು ಮರೆತು, ಗೂಟ ಕಿತ್ತು ಹಲಗೆಯನ್ನು ಎರಡು ಸಲ ಮೇಲೆ ಕೆಳಗೆ ಮಾಡಿ ನೋಡಿದ.

ಇನ್ನೂ ಲೆಕ್ಕ ಬರೆಯುತ್ತ ಉಳಿದಿದ್ದ ಮೇಲ್ವಿಚಾರಕರು ಬಡಿತದ ಸದ್ದಿಗೆ ಬಂದು ಬಾಗಿಲಲ್ಲಿ ನಿಂತಿದ್ದರು. ಇಸ್ತ್ರಿಯಣ್ಣ ಲಾಕರಿಗೆ ಅಡ್ಡ ನಿಂತ.

“ನೋಡಿ ಸಾರ್, ಇದು ಇಲ್ಲಿಂದ ಕದಲಲ್ಲ. ತೆಗೀಬೇಕಂದ್ರೆ ಲಾಕರನ್ನೇ ಒಡೀಬೇಕು. ಏನು ಮಾಡ್ಕೊತೀರೋ ಮಾಡ್ಕೊಳ್ಳಿ.”

ಅವರು ಅವನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಹಲಗೆಯನ್ನು ಒತ್ತಿ ನೋಡಿದರು. ಗೂಟ ಕಿತ್ತು ಒಂದು ತೂತು ಮೇಲಕ್ಕೆ ಹಾಕಿದರು. ಮುಖ ಅರಳಿತು.

“ಕದಲೋದೇ ಬೇಡ. ಗಾಯದ ಮದ್ದು, ಬಲ್ಬು, ಸೂಜಿ, ದಾರ ಎಲ್ಲ ನನ್ನ ಮೇಜಿನ ಮೇಲೆ ಬಿದ್ದು ಒದ್ದಾಡ್ತಿದೆ. ಇಡೀ ಲಾಂಡ್ರೀಲಿ ಹಲಗೆ ಇರೋ ಲಾಕರ್ ಇದೊಂದೇ. ಇನ್ಮೇಲೆ ಇದು ಎಲ್ಲರದೂ. ಕೀಲಿ ಕೊಡಿ.”

ತನ್ನ ಗತಿಯೇನು ಎಂದು ಕೇಳಿದ ಇಸ್ತ್ರಿಯಣ್ಣನಿಗೆ ಅವರು ಚರಂಡಿಯ ಪಕ್ಕದ ಖಾಲಿ ಲಾಕರ್ ತೋರಿಸಿದರು. ಅದಕ್ಕೆ ಕೊಕ್ಕೆಯೂ ಇಲ್ಲ, ಹಲಗೆಯೂ ಇಲ್ಲ. ಬಾಗಿಲು ಮುಚ್ಚಲು ಒಂದು ಒದೆ ಬೇಕು. ಕೆಳಗೆ ಬೂಟು, ಬೂಟಿನ ಮೇಲೆ ಅಂಗಿ, ಅಂಗಿಯ ಮೇಲೆ ಡಬ್ಬಿ ಇಟ್ಟು ಅವನು ಒದ್ದ.

ಗರಗಸ ಎತ್ತಿಕೊಂಡು ಹೊರಟಿದ್ದ ಬಾಯ್ಲರಣ್ಣನ ಕೈಯಿಂದ ಅದನ್ನು ಮತ್ತೆ ಕಿತ್ತುಕೊಂಡ. ಇನ್ನೂ ಬುದ್ಧಿ ಬರಲಿಲ್ಲವೇ ಎಂದು ಅಕ್ಕ ಕೇಳಿದಳು.

“ಬಂತಕ್ಕಾ,” ಎಂದ, ಜೀವಮಾನವಿಡೀ ಎಲ್ಲವನ್ನೂ ನೆಟ್ಟಗೆ ಮಾಡಿದ್ದ ಇಸ್ತ್ರಿಯಣ್ಣ. “ಈ ಸಲ ಡೊಂಕಾಗಿ ಹಾಕ್ತೀನಿ. ಅದ್ಯಾರು ಕೇಳ್ಕೊಂಡು ಬರ್ತಾರೋ ನೋಡೇಬಿಡ್ತೀನಿ.”