ರಾಣಿ ಸಮಾಧಿಯ ಪಕ್ಕ, ಹನ್ನೊಂದು ಗಂಟೆಗೆ

ಪೋಸ್ಟ್‌ಕಾರ್ಡಿನ ದೊಡ್ಡ ದೋಷವೆಂದರೆ ಅದಕ್ಕೆ ಬಾಗಿಲಿಲ್ಲ. ಕೊಡೆ ರಿಪೇರಿಯ ಬೆಲರ್ಮಿನೋಗೆ ಫ್ರಾನ್ಸಿನಿಂದ ಬಂದ ಕಾರ್ಡನ್ನು ಮೊದಲು ಓದಿದವನು ಅಂಚೆಯವನು. ಅವನು ಅದನ್ನು ಬೇಕರಿಯ ಗೆರ್ಟ್ರೂಡಿಸಮ್ಮನಿಗೆ ಓದಿ ಹೇಳಿದ. ಆಕೆ ಎದುರಿನ ಕ್ಷೌರದಂಗಡಿಯ ಝೆಫೆರೀನೋನನ್ನು ಕೂಗಿ ಕರೆದು ತೋರಿಸಿದಳು. ಹೀಗೆ ಬೀದಿ ಸುತ್ತಿ, ಮೂಲೆಗೊಂದು ಬೆಣ್ಣೆ ಕಲೆ ಅಂಟಿಸಿಕೊಂಡು ಅದು ಬೆಲರ್ಮಿನೋನ ಕೈ ಸೇರುವಷ್ಟರಲ್ಲಿ, ಅದರಲ್ಲಿ ಏನಿದೆಯೆಂದು ಗೊತ್ತಿಲ್ಲದವನು ಇಡೀ ಬೀದಿಯಲ್ಲಿ ಅವನೊಬ್ಬನೇ ಆಗಿದ್ದ.

“ಶನಿವಾರ ನಮ್ಮ ಟೂರ್ ಬಸ್ಸು ಸಂತ ಯುಫ್ರಾಸಿಯಾ ಮಠದಲ್ಲಿ ಹನ್ನೊಂದರಿಂದ ಒಂದರ ತನಕ ನಿಲ್ಲುತ್ತೆ. ರಾಣಿ ಸಮಾಧಿ ಪಕ್ಕ ಇರ್ತೀನಿ. ನೆನಪಿದ್ದರೆ ಬಾ. — ಎತೆಲ್ವೀನಾ.”

ನೆನಪಿದ್ದರೆ! ನಲವತ್ತೊಂದು ವರ್ಷದ ಹಿಂದೆ, ಚರ್ಚಿನವರು ಕರೆದುಕೊಂಡು ಹೋಗಿದ್ದ ಪ್ರವಾಸದಲ್ಲಿ, ಆ ಸಮಾಧಿಯ ಪಕ್ಕದ ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತು ಅಂಜೂರ ತಿಂದಿದ್ದರು. ಹಳದಿ ಫ್ರಾಕಿನ ಎತೆಲ್ವೀನಾ ಅವನ ಹೊಸ ಮೀಸೆ ನೋಡಿ ನಗುತ್ತಿದ್ದಳು. ಬೆಲರ್ಮಿನೋ ಒಂದೇ ಒಂದು ವಾಕ್ಯ ತಯಾರು ಮಾಡಿಕೊಂಡು ಹೋಗಿದ್ದ. ಅರ್ಧ ಗಂಟೆ ಉಗುಳು ನುಂಗಿ, ಇನ್ನೇನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಮಠದ ಗಂಟೆ ಹೊಡೆಯಿತು. ಎಲ್ಲರೂ ಬಸ್ಸಿಗೆ ಓಡಿದರು. ಮುಂದಿನ ತಿಂಗಳು ಅವಳ ಅಪ್ಪ ಗಾರೆ ಕೆಲಸಕ್ಕೆಂದು ಮನೆಮಂದಿಯನ್ನೆಲ್ಲ ಪ್ಯಾರಿಸ್ಸಿಗೆ ಕರೆದುಕೊಂಡು ಹೋದ. ಆ ವಾಕ್ಯ ಮಾತ್ರ ಇವನ ಗಂಟಲಲ್ಲೇ ಮೀನಿನ ಮುಳ್ಳಿನಂತೆ ಉಳಿದುಬಿಟ್ಟಿತು. ಮದುವೆ ಯಾವಾಗಯ್ಯಾ ಎಂದು ಯಾರಾದರೂ ಕೇಳಿದರೆ, “ಈ ಮಳೆಗಾಲ ಒಂದು ಮುಗೀಲಿ” ಅನ್ನುತ್ತಿದ್ದ.

ಶನಿವಾರ ಬೆಳಿಗ್ಗೆ ಯಾರಿಗೂ ಹೇಳದೆ, ಇಸ್ತ್ರಿ ಮಾಡಿದ ಕಂದು ಕೋಟು ತೊಟ್ಟು ಒಂಬತ್ತರ ಬಸ್ಸು ಹತ್ತಿದ. ಹತ್ತಿ ನೋಡುತ್ತಾನೆ, ಇಡೀ ಬೀದಿಯೇ ಸೀಟು ಹಿಡಿದು ಕೂತಿದೆ.

“ನೀವೆಲ್ಲಾ ಎಲ್ಲಿಗೆ?” ಎಂದ.

“ರಾಜರ ಸಮಾಧಿ ನೋಡೋಣಾಂತ,” ಎಂದಳು ಗೆರ್ಟ್ರೂಡಿಸಮ್ಮ, ತೊಡೆಯ ಮೇಲಿನ ಬುಟ್ಟಿ ಸರಿಮಾಡಿಕೊಳ್ಳುತ್ತಾ. “ಪಾಪ, ಆರುನೂರು ವರ್ಷದಿಂದ ಮಲಗಿದಾರೆ. ಯಾರಾದ್ರೂ ವಿಚಾರಿಸ್ಕೋಬೇಕಲ್ಲ?”

“ಅದು ಬಿಡು, ಏನಯ್ಯಾ ನಿನ್ನ ಮೀಸೆ!” ಎಂದು ಝೆಫೆರೀನೋ ಪಕ್ಕಕ್ಕೆ ಬಂದು ಕೂತ. “ಪೊರಕೆ ಇದ್ದಹಾಗಿದೆ. ಎಂಥವರನ್ನೋ ನೋಡೋಕೆ ಹೋಗ್ತಿದೀಯ... ಅಂದ್ರೆ, ರಾಜರನ್ನ. ಅಲ್ಲಾಡಬೇಡ, ಒಂದೇ ನಿಮಿಷ.”

“ಬೇಡ ಮಾರಾಯ, ಬಸ್ಸು ಓಡ್ತಾ ಇದೆ!”

“ನಾನು ದಂಡಿನಲ್ಲಿದ್ದಾಗ ಹಡಗಿನ ಮೇಲೆ ಮೀಸೆ ಕತ್ತರಿಸಿದವನು ಕಣೋ.”

ಆದರೆ ಹಡಗಿಗೆ ಕುರಿಮಂದೆ ಅಡ್ಡ ಬರುವುದಿಲ್ಲ. ಬಸ್ಸಿಗೆ ಬಂತು. ಡ್ರೈವರು ಬ್ರೇಕು ತುಳಿದ ಏಟಿಗೆ ಮೀಸೆಯ ಎಡಭಾಗ ಪೂರ್ತಿ ಕತ್ತರಿಯ ಪಾಲಾಯಿತು. ಗೆರ್ಟ್ರೂಡಿಸಮ್ಮನ ಬುಟ್ಟಿಯಲ್ಲಿದ್ದ ಕರಿದ ಸಾರ್ಡೀನ್ ಮೀನು ಎಣ್ಣೆಯ ಸಮೇತ ಕಂದು ಕೋಟಿನ ಮೇಲೆ ಬಂದು ಮಲಗಿತು. ಬೆಲರ್ಮಿನೋನ ಮೂಗಿನಿಂದ ಬಿದ್ದ ಕನ್ನಡಕವನ್ನು ಹುಡುಕಿಕೊಡಲು ಎದ್ದ ಆಕೆ, “ಅಯ್ಯೋ, ಎಲ್ಲೋಯ್ತು, ಎಲ್ಲೋಯ್ತು” ಎನ್ನುತ್ತಾ ಅದರ ಮೇಲೆಯೇ ಕೂತಳು.

“ಒಂದು ಕಡೆ ಮೀಸೆ ಇಟ್ಕೊಂಡು ಹೋಗೋಕಾಗಲ್ಲ,” ಎಂದು ಝೆಫೆರೀನೋ ಗಂಭೀರವಾಗಿ ಬಲಭಾಗವನ್ನೂ ತೆಗೆದ. “ನೋಡು, ಹತ್ತು ವರ್ಷ ಚಿಕ್ಕವನಾದೆ.”

ಮಠದ ಬಾಗಿಲಲ್ಲಿ ಬೆಲರ್ಮಿನೋ ಇಳಿದಾಗ ಮಠದ ಬೆಕ್ಕುಗಳೆಲ್ಲ ಅವನ ಹಿಂದೆ ಬಿದ್ದವು. ಟಿಕೆಟ್ ಕೊಡುತ್ತಿದ್ದ ಕಾವಲುಗಾರ ಮುದುಕ ಮೂಗು ಮುಚ್ಚಿಕೊಂಡ. “ಸ್ವಾಮಿ, ಈ ವಾಸನೆ ಇಟ್ಕೊಂಡು ರಾಜರ ಮುಂದೆ ಹೋದ್ರೆ ಅವರು ಎದ್ದು ಕೂತಾರು. ಆ ಕೋಟು ಇಲ್ಲಿ ಬಿಡಿ. ಇವತ್ತು ನಮ್ಮ ಇನ್ನೊಬ್ಬ ಕಾವಲುಗಾರ ರಜಾ, ಅವನ ನೀಲಿ ಕೋಟು ಹಾಕ್ಕೊಳ್ಳಿ.”

ಹೀಗೆ ನಲವತ್ತೊಂದು ವರ್ಷದ ಮೇಲೆ ಬೆಲರ್ಮಿನೋ ರಾಣಿಯ ಸಮಾಧಿಯ ಬಳಿ ಬಂದು ನಿಂತ. ಮೀಸೆಯಿಲ್ಲ, ಕನ್ನಡಕವಿಲ್ಲ, ಮೈಮೇಲೆ ಸರ್ಕಾರದ ನೀಲಿ ಕೋಟು. ಎತ್ತರದ ಕಿಟಕಿಯಿಂದ ಇಳಿದ ಬೆಳಕು ಮಾತ್ರ ಅವತ್ತಿನದೇ. ಬೆಂಚೂ ಅದೇ. ಅಂಗೈಯಿಂದ ಕಲ್ಲನ್ನು ಸವರಿ ನೋಡಿದ. ತಣ್ಣಗಿತ್ತು. ಗಂಟಲಲ್ಲಿ ಆ ವಾಕ್ಯ ಮೆಲ್ಲಗೆ ಅಲುಗಿತು.

ಆದರೆ ನೀಲಿ ಕೋಟು ಕಂಡ ಜನ ಸುಮ್ಮನಿರುತ್ತಾರೆಯೇ? ಒಬ್ಬ ಶೌಚಾಲಯ ಎಲ್ಲಿ ಅಂದ. ಒಬ್ಬಳು ಈ ರಾಜನಿಗೆ ಎಷ್ಟು ಜನ ಹೆಂಡಿರು ಅಂದಳು. ಶಾಲೆಯ ಮೇಷ್ಟರೊಬ್ಬರು ನಲವತ್ತು ಮಕ್ಕಳನ್ನು ಅವನ ಸುತ್ತ ಕೂರಿಸಿ, “ಇವರು ಈಗ ಯುದ್ಧದ ಕತೆ ಹೇಳ್ತಾರೆ” ಎಂದುಬಿಟ್ಟರು. ಬೆಲರ್ಮಿನೋ ಬೆವರುತ್ತಾ ಒಂದು ಯುದ್ಧ ಹುಟ್ಟಿಸಿದ; ಅದರಲ್ಲಿ ಮಳೆ ಬಂದು, ಕೊಡೆ ಇಲ್ಲದ ಕಡೆಯವರು ಸೋತರು. ಅತ್ತ ಒಂದೊಂದು ಕಂಬದ ಹಿಂದಿನಿಂದಲೂ ಅವನ ಬೀದಿಯ ಒಂದೊಂದು ತಲೆ ಇಣುಕುತ್ತಿತ್ತು.

ಹನ್ನೊಂದೂಕಾಲಿಗೆ ಮಕ್ಕಳು ತೊಲಗಿದರು. ಉಸಿರು ಬಿಡುವಷ್ಟರಲ್ಲಿ ದುಂಡನೆಯ ಆಕೃತಿಯೊಂದು ಕೋಲೂರಿಕೊಂಡು ಬಂದು ಬೆಂಚಿನ ಮೇಲೆ ಕೂತೇಬಿಟ್ಟಿತು. ಅದೇ ಬೆಂಚು! ಯಾರೋ ಪ್ರವಾಸಿ ಮುದುಕಿ. ಎತೆಲ್ವೀನಾ ಈಗ ಬಂದರೆ ಎಲ್ಲಿ ಕೂರಬೇಕು?

“ಇದೇ ಅಲ್ವಾ ರಾಣಿ ಸಮಾಧಿ?” ಎಂದಿತು ಮುದುಕಿ. ಆ ಕಮಾನುಗಳ ಕೆಳಗೆ ಯಾರ ದನಿಯಾದರೂ ಬಾವಿಯೊಳಗಿಂದ ಬಂದಂತೆ ಕೇಳುತ್ತಿತ್ತು.

“ಅಲ್ಲಮ್ಮ,” ಎಂದ ಬೆಲರ್ಮಿನೋ ಥಟ್ಟನೆ. “ಇದು ಬಿಷಪ್ಪು.”

“ಬಿಷಪ್ಪಾ? ಮೇಲೆ ಮಲಗಿರೋ ಕಲ್ಲಿನ ಮೂರ್ತಿಗೆ ತಲೆ ಮೇಲೆ ಮುಸುಕಿದೆಯಲ್ಲ?”

“ಅವರಿಗೆ ಶೀತ ಜಾಸ್ತಿ ಇತ್ತಂತೆ.”

“ನಾನು ಇದೇ ಅಂದ್ಕೊಂಡಿದ್ದೆ...”

“ಎಲ್ಲರೂ ಹಾಗೇ ಅಂದ್ಕೊಳ್ತಾರೆ. ರಾಣಿ ಇರೋದು ಅಂಗಳ ದಾಟಿ, ಮೆಟ್ಟಿಲು ಹತ್ತಿ ಮೇಲಿನ ಗುಡಿಯಲ್ಲಿ. ಅಲ್ಲಿ ಗಾಳಿನೂ ಚೆನ್ನಾಗಿದೆ.”

ಮೇಲೆ ಒಬ್ಬ ರಾಣಿ ಇದ್ದದ್ದೂ ನಿಜವೇ, ರಾಜನ ಅಜ್ಜಿ. ಸರ್ಕಾರಿ ಕೋಟೇ ಹೇಳಿದ ಮೇಲೆ ಮುದುಕಿ ಏನು ಮಾಡಿಯಾಳು? ಕಲ್ಲನ್ನು ಒಮ್ಮೆ ತಿರುಗಿ ನೋಡಿ, ನಿಧಾನವಾಗಿ ಕೋಲು ಟಕಟಕಿಸುತ್ತಾ ಹೋದಳು. ಬೆಲರ್ಮಿನೋ ಕರವಸ್ತ್ರದಿಂದ ಬೆಂಚಿನ ಧೂಳು ಒರೆಸಿದ.

ಹನ್ನೆರಡಾಯಿತು. ಹನ್ನೆರಡೂವರೆಯಾಯಿತು. ಬಾಗಿಲಲ್ಲಿ ಹಳದಿ ಬಣ್ಣ ಕಂಡಾಗಲೆಲ್ಲ ಅವನು ನೆಟ್ಟಗೆ ನಿಂತ. ಒಂದು ಸಲ ಅದು ಯಾರದೋ ಚೀಲ. ಇನ್ನೊಂದು ಸಲ ಬಕೆಟ್ಟು. ವಿಚಿತ್ರವೆಂದರೆ, ಕಂಬಗಳ ಹಿಂದಿನ ತಲೆಗಳೂ ಮಾಯವಾಗಿದ್ದವು. ಜನ್ಮದಲ್ಲಿ ಮೊದಲ ಸಲ ಅವನನ್ನು ಯಾರೂ ಗಮನಿಸುತ್ತಿರಲಿಲ್ಲ.

ಒಂದಕ್ಕೆ ಹತ್ತು ನಿಮಿಷ ಇರುವಾಗ ಕೋಲಿನ ಸದ್ದು ಮತ್ತೆ ಕೇಳಿತು.

“ಪಾಪ, ಬೆಳಿಗ್ಗೆಯಿಂದ ನಿಂತೇ ಇದೀರಲ್ಲ,” ಎಂದಳು ಮುದುಕಿ. “ಇದು ತಗೊಳ್ಳಿ. ಬಾದಾಮಿ ಮಿಠಾಯಿ. ಒಬ್ಬರಿಗೆ ಅಂತ ತಂದಿದ್ದೆ, ಅವರು ಬರಲಿಲ್ಲ.”

ಬೆಲರ್ಮಿನೋನ ಕಣ್ಣು ಅವಳ ಭುಜದ ಮೇಲಿಂದ ಬಾಗಿಲ ಕಡೆಗೇ ಇತ್ತು. ಆದರೂ ಅವಳ ಮೇಲೆ ಮರುಕ ಬಂತು. ಕಾಯುವುದು ಎಂದರೇನೆಂದು ಅವನಿಗೆ ಗೊತ್ತಿಲ್ಲವೇ?

“ಇಷ್ಟು ದೂರ ಬಂದೋರನ್ನ ಕಾಯಿಸ್ತಾನಲ್ಲ, ಅವನೊಬ್ಬ ಶುದ್ಧ ದಡ್ಡ ಅಮ್ಮ,” ಎಂದ ಮನಸಾರೆ.

“ಮೊದಲಿಂದ್ಲೂ ಅವನು ಸ್ವಲ್ಪ ಹಾಗೇನೇ,” ಎಂದು ಮುದುಕಿ ನಕ್ಕಳು. ನಗು ಪೂರ್ತಿಯಾಗಲಿಲ್ಲ. ಡಬ್ಬಿಯನ್ನು ಅವನ ಕೈಗಿತ್ತು ಹೊರಟುಹೋದಳು.

ಅವಳು ಬಾಗಿಲು ದಾಟಿದ್ದೇ ತಡ, ಪಕ್ಕದ ಬಾಗಿಲಿಂದ ಗೆರ್ಟ್ರೂಡಿಸಮ್ಮ ಏಪ್ರನ್ನಿನ ತುದಿಯಲ್ಲಿ ಕಣ್ಣೊರೆಸಿಕೊಳ್ಳುತ್ತಾ ನುಗ್ಗಿ ಬಂದಳು. ಹಿಂದೆ ಝೆಫೆರೀನೋ.

“ಏನು ಹೇಳಿದ್ಲೋ? ಮಿಠಾಯಿ ಬೇರೆ ಕೊಟ್ಲು! ಒಪ್ಪಿದ್ಲಾ?”

“ಯಾರು?”

“ಯಾರು ಅಂತಾನೆ ನೋಡು! ಎತೆಲ್ವೀನಾ ಕಣೋ! ಜೊತೇಲಿ ಓದಿದವಳು, ಆ ನಡಿಗೆ ನಂಗೆ ಗೊತ್ತಾಗಲ್ವಾ? ಒಳಗೆ ಬಂದಾಗಲೇ ತಬ್ಕೊಳ್ಳೋಣಾಂತ ಓಡ್ದೆ. ಈ ಝೆಫೆರೀನೋನೇ ಹಿಡಿದು ನಿಲ್ಲಿಸ್ದ.”

“ಒಂದು ದಿನವಾದ್ರೂ ಅವರನ್ನ ಅವರ ಪಾಡಿಗೆ ಬಿಡೋಣ ಅಂದೆ,” ಎಂದ ಝೆಫೆರೀನೋ ಹೆಮ್ಮೆಯಿಂದ. “ಎಲ್ಲರನ್ನೂ ಹೊರಗೆ ಕರ್ಕೊಂಡು ಹೋಗಿ ಕಿತ್ತಳೆ ಮರದ ಕೆಳಗೆ ಕೂರಿಸ್ದೆ. ಒಂದೂವರೆ ಗಂಟೆ ಒಬ್ಬರೂ ತಲೆ ಹಾಕ್ಲಿಲ್ಲ, ಗೊತ್ತಾ?”

ಬೆಲರ್ಮಿನೋ ಡಬ್ಬಿ ಹಿಡಿದುಕೊಂಡೇ ಓಡಿದ. ಮಂಡಿ ಹಿಡಿದಿತ್ತು, ನೀಲಿ ಕೋಟು ಪಟಪಟ ಬಡಿಯುತ್ತಿತ್ತು. ಟೂರ್ ಬಸ್ಸು ಆಗಲೇ ತಿರುಗುತ್ತಿತ್ತು. ಅವನು ಎರಡೂ ಕೈ ಎತ್ತಿ ಬೀಸಿದ. ಕಾವಲುಗಾರ ದಾರಿ ಖಾಲಿಯಿದೆ ಎನ್ನುತ್ತಿದ್ದಾನೆಂದುಕೊಂಡ ಡ್ರೈವರು ತಲೆಯಾಡಿಸಿ ವೇಗ ಹೆಚ್ಚಿಸಿದ.

“ಮೂರನೇ ಕಿಟಕಿ! ಮೂರನೇ ಕಿಟಕಿ!” ಎಂದು ಹಿಂದಿನಿಂದ ಗೆರ್ಟ್ರೂಡಿಸಮ್ಮ ಕಿರುಚಿದಳು.

ಬೆಲರ್ಮಿನೋಗೆ ಕಿಟಕಿಗಳೇ ಬೇರೆಬೇರೆಯಾಗಿ ಕಾಣುತ್ತಿರಲಿಲ್ಲ. “ಏನೋ ಬಿಳಿಯದು ಆಡ್ತಾ ಇದೆಯಲ್ಲ,” ಎಂದು ಏದುಸಿರಲ್ಲಿ ಕೇಳಿದ, “ಕೈ ಬೀಸ್ತಿದಾಳಾ?”

ಬಿಸಿಲು ಬಡಿಯುತ್ತದೆಂದು ಅವಳು ಕಿಟಕಿಯ ಪರದೆ ಎಳೆದುಕೊಳ್ಳುತ್ತಿದ್ದಳು. ಗೆರ್ಟ್ರೂಡಿಸಮ್ಮ ಝೆಫೆರೀನೋನ ಮುಖ ನೋಡಿದಳು.

“ಹೂಂ ಕಣಯ್ಯ,” ಎಂದ ಝೆಫೆರೀನೋ. “ಕೈನೇ.”

ಬಸ್ಸು ಆಲಿವ್ ತೋಪಿನ ತಿರುವಿನಲ್ಲಿ ಮರೆಯಾಗಿ ಧೂಳು ಅಡಗಿದರೂ, ಬೆಲರ್ಮಿನೋ ರಸ್ತೆಯ ನಡುವೆ ನಿಂತು ಕೈ ಬೀಸುತ್ತಲೇ ಇದ್ದ.